ಬಿಸಾಡುವ ಹಾಳೆಗಳನ್ನು ಕಾಪಿಟ್ಟ ಗ್ರಂಥಾಲಯ

1813ರಲ್ಲಿ ಐಸಾಯಾ ಥಾಮಸ್ ಎಂಬ ಅರವತ್ತು ದಾಟಿದ ಮುದ್ರಕ, ಬಾಸ್ಟನ್ ನಗರದಲ್ಲಿ ಲಾವಣಿ ಅಚ್ಚು ಹಾಕಿ ಮಾರುತ್ತಿದ್ದವನೊಬ್ಬನಿಂದ ಮುನ್ನೂರಕ್ಕೂ ಹೆಚ್ಚು ಹಾಡುಗಳ ಹಾಳೆಗಳನ್ನು ಒಟ್ಟಿಗೆ ಕೊಂಡ. ಹೆಚ್ಚಿನವು ಒಂಟಿ ಹಾಳೆಗಳು, ಅಗ್ಗದ ಅಚ್ಚು. ಇಂಗ್ಲೆಂಡಿನೊಡನೆ ಆಗ ನಡೆಯುತ್ತಿದ್ದ ಯುದ್ಧದ ಹಡಗುಗಳ ಹಾಡು, ಪ್ರೇಮಗೀತೆ, ಕುಡಿತದ ಹಾಡು ಎಲ್ಲವೂ ಅದರಲ್ಲಿದ್ದವು. ಜನ ಚಿಲ್ಲರೆ ಕಾಸಿಗೆ ಕೊಂಡು ಹಾಡಿಕೊಂಡು, ಹರಿದ ಮೇಲೆ ಬಿಸಾಡುವ ಸರಕು ಅದು. ಥಾಮಸ್ ಅವನ್ನೆಲ್ಲ ಮೂರು ಸಂಪುಟಗಳಾಗಿ ರಟ್ಟು ಹಾಕಿಸಿದ. ಈ ಕಾಲದ ಸಾಮಾನ್ಯ ಜನರ ನಡುವೆ ಎಂಥ ಸರಕು ಚಲಾವಣೆಯಲ್ಲಿತ್ತು ಎಂಬುದನ್ನು ತೋರಿಸಲು ಕಾಪಿಡಲಾಗಿದೆ ಎಂಬರ್ಥದ ಟಿಪ್ಪಣಿಯೊಂದನ್ನು ಒಳಗೆ ಬರೆದ. 1814ರ ಆಗಸ್ಟ್‌ನಲ್ಲಿ, ತಾನೇ ಎರಡು ವರ್ಷದ ಹಿಂದೆ ಕಟ್ಟಿದ್ದ ಸಂಸ್ಥೆಯೊಂದಕ್ಕೆ ಆ ಸಂಪುಟಗಳನ್ನು ಕೊಟ್ಟುಬಿಟ್ಟ.

ಅದೇ ತಿಂಗಳ 24ರಂದು ಬ್ರಿಟಿಷ್ ಸೈನಿಕರು ವಾಷಿಂಗ್ಟನ್‌ಗೆ ನುಗ್ಗಿ ಸಂಸತ್ ಭವನಕ್ಕೆ ಬೆಂಕಿ ಇಟ್ಟರು. ಅದರೊಳಗಿದ್ದ ಸುಮಾರು 3,000 ಪುಸ್ತಕಗಳ ಕಾಂಗ್ರೆಸ್ ಗ್ರಂಥಾಲಯ ಬೂದಿಯಾಯಿತು. ಥಾಮಸನ ಲಾವಣಿಗಳಿಗೆ ಏನೂ ಆಗಲಿಲ್ಲ. ಅವು ಇಂದಿಗೂ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಎಂಬ ಒಳನಾಡಿನ ಊರಿನಲ್ಲಿ, ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯ ಕಪಾಟುಗಳಲ್ಲಿವೆ.

ಈ ಸಂಸ್ಥೆಯ ಹೆಸರು ಅಮೆರಿಕದಲ್ಲೇ ಅನೇಕರಿಗೆ ಗೊತ್ತಿಲ್ಲ. ಆದರೆ ಅಮೆರಿಕದ ಮೊದಲ ಎರಡೂವರೆ ಶತಮಾನಗಳ ಬಗ್ಗೆ ಬರೆಯುವ ಇತಿಹಾಸಕಾರರಲ್ಲಿ ಇಲ್ಲಿನ ಹಾಳೆಗಳ ಋಣವಿಲ್ಲದವರು ಕಡಿಮೆ. ಈಗಿನ ಅಮೆರಿಕದ ನೆಲದಲ್ಲಿ 1640ರಿಂದ 1820ರವರೆಗೆ ಅಚ್ಚಾದವು ಎಂದು ತಿಳಿದಿರುವ ಪುಸ್ತಕ, ಕರಪತ್ರ, ಹಾಳೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಈ ಒಂದೇ ಸೂರಿನಡಿ ಇದೆ. ಒಟ್ಟು ಸಂಗ್ರಹ ನಲವತ್ತು ಲಕ್ಷ ವಸ್ತುಗಳಿಗೂ ಹೆಚ್ಚು. ಒಂದು ಸಣ್ಣ ಊರಿನಲ್ಲಿ ಇಷ್ಟೆಲ್ಲ ಹೇಗೆ ಬಂದು ಸೇರಿತು, ಬಂದದ್ದನ್ನು ಏನು ಮಾಡುತ್ತಾರೆ ಎಂಬುದನ್ನು ತಿಳಿಯಲು ಮೊದಲು ಥಾಮಸನ ವಿಷಯ ಸ್ವಲ್ಪ ಹೇಳಬೇಕು.

1749ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಅವನು ಬಡ ಮನೆಯ ಹುಡುಗ. ಆರು ವರ್ಷ ತುಂಬಿದ ಮೇಲೆ ಝಕರಾಯ ಫೌಲ್ ಎಂಬ ಮುದ್ರಕನ ಬಳಿ ಕರಾರಿನ ಮೇಲೆ ಕೆಲಸಕ್ಕೆ ಬಿಟ್ಟರು. ಓದು ಬರಹ ಸರಿಯಾಗಿ ಕಲಿಯುವ ಮುಂಚೆಯೇ ಅವನು ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಿದ. ಅವನ ಕೈಯಿಂದ ಜೋಡಣೆಯಾದ ಮೊದಲ ಹಾಳೆಯೂ ಒಂದು ಲಾವಣಿಯೇ. ಮುಂದೆ ಶ್ರೀಮಂತನಾದ ಮೇಲೆ ಅವನು ಲಾವಣಿಗಳನ್ನು ಕಾಪಿಟ್ಟದ್ದರ ಹಿಂದೆ ಈ ಬಾಲ್ಯ ಇದೆ ಎಂದೇ ನನ್ನ ನಂಬಿಕೆ. ವಿದ್ವಾಂಸನೊಬ್ಬ ಕಟ್ಟಿದ ಗ್ರಂಥಾಲಯವಾಗಿದ್ದರೆ ಅದರಲ್ಲಿ ಧರ್ಮಗ್ರಂಥ, ಕಾನೂನು, ಕಾವ್ಯ ಇರುತ್ತಿದ್ದವು. ಇದನ್ನು ಕಟ್ಟಿದವನು ಅಚ್ಚುಕೂಟದಲ್ಲಿ ಬೆಳೆದವನು. ಅಲ್ಲಿ ಬೈಬಲ್ಲಿಗೂ ಬೀದಿ ಹಾಡಿಗೂ ಮೊಳೆ ಒಂದೇ, ಶಾಯಿ ಒಂದೇ, ತೋಳುನೋವೂ ಒಂದೇ.

1770ರಲ್ಲಿ ಥಾಮಸ್ 'ಮ್ಯಾಸಚೂಸೆಟ್ಸ್ ಸ್ಪೈ' ಎಂಬ ಪತ್ರಿಕೆ ಶುರುಮಾಡಿದ. ಅದು ಬಹುಬೇಗ ಬ್ರಿಟಿಷ್ ಆಡಳಿತದ ವಿರುದ್ಧದ ದನಿಯಾಯಿತು. 1775ರ ಏಪ್ರಿಲ್ ಮಧ್ಯದಲ್ಲಿ, ಬಂಧನದ ಭಯ ದಟ್ಟವಾಗಿದ್ದಾಗ, ಮುದ್ರಣಯಂತ್ರವನ್ನು ಬಿಚ್ಚಿ ರಾತ್ರೋರಾತ್ರಿ ಚಾರ್ಲ್ಸ್ ನದಿ ದಾಟಿಸಿ ಸುಮಾರು ಅರವತ್ತೈದು ಕಿಲೋಮೀಟರ್ ದೂರದ ವುಸ್ಟರ್‌ಗೆ ಕಳಿಸಿದ. ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು, ಬ್ರಿಟಿಷರಿಂದ ಬಿಡುಗಡೆಗಾಗಿ ಅಮೆರಿಕನ್ನರು ನಡೆಸಿದ ಕ್ರಾಂತಿಯುದ್ಧ ಮೊದಲಾಯಿತು. ಮೇ 3ರಂದು ವುಸ್ಟರ್‌ನಿಂದ ಹೊರಬಿದ್ದ ಸಂಚಿಕೆಯಲ್ಲಿ ಆ ಕಾಳಗದ ವರದಿ ಇತ್ತು. ಆ ಊರಿನಲ್ಲಿ ಅಚ್ಚಾದ ಮೊತ್ತಮೊದಲ ವಸ್ತುವೂ ಅದೇ. 'ಅಮೆರಿಕನ್ನರೇ, ಲೆಕ್ಸಿಂಗ್ಟನ್ ಕಾಳಗವನ್ನು ಎಂದೆಂದಿಗೂ ನೆನಪಿಡಿ' ಎಂಬ ಕರೆಯೊಂದಿಗೆ ಶುರುವಾಗುವ ಆ ವರದಿಯನ್ನು ಇಂದು ಓದಿದರೆ, ಸುದ್ದಿ ಎಲ್ಲಿ ಮುಗಿದು ಸೈನ್ಯಕ್ಕೆ ಜನ ಸೇರಿಸುವ ಕೆಲಸ ಎಲ್ಲಿ ಶುರುವಾಗುತ್ತದೆ ಎಂದು ಬೇರ್ಪಡಿಸಲಾಗದು. ಮೂಲ ಹಾಳೆಯನ್ನೇ ನೋಡಬೇಕಾದ ಒಂದು ಕಾರಣ ಇದು. ಪಠ್ಯಪುಸ್ತಕದಲ್ಲಿ ಘಟನೆ ಮಾತ್ರ ಉಳಿದಿರುತ್ತದೆ. ಅದನ್ನು ಹೇಳಿದವನ ಸಿಟ್ಟು, ಅವಸರ, ಪಕ್ಷಪಾತ ಉಳಿಯುವುದು ಹಾಳೆಯಲ್ಲಿ.

ಯುದ್ಧದ ನಂತರ ಥಾಮಸ್ ದೇಶದ ಅತಿದೊಡ್ಡ ಮುದ್ರಕ-ಪ್ರಕಾಶಕರಲ್ಲಿ ಒಬ್ಬನಾದ. ಬೈಬಲ್, ಶಾಲಾಪುಸ್ತಕ, ಮಕ್ಕಳ ಪುಟಾಣಿ ಪುಸ್ತಕ, ವರ್ಷವರ್ಷದ ಪಂಚಾಂಗ ಎಲ್ಲವನ್ನೂ ಅಚ್ಚು ಹಾಕಿದ. 1802ರಲ್ಲಿ ವ್ಯವಹಾರ ಮಗನಿಗೆ ಬಿಟ್ಟು, ಅಮೆರಿಕದ ಮುದ್ರಣದ ಇತಿಹಾಸ ಬರೆಯಲು ಕುಳಿತ. ಎರಡು ಸಂಪುಟಗಳ ಆ ಗ್ರಂಥ 1810ರಲ್ಲಿ ಹೊರಬಂತು. ಬರೆಯುವಾಗ ಅವನಿಗೆ ಎದುರಾದ ತೊಡಕೇ ಈ ಗ್ರಂಥಾಲಯದ ಬೀಜ. ನೂರು ವರ್ಷದ ಹಿಂದಿನ ಪತ್ರಿಕೆ ಬೇಕೆಂದರೆ ಅದು ಎಲ್ಲಿಯೂ ಒಟ್ಟಾಗಿ ಸಿಗುತ್ತಿರಲಿಲ್ಲ. ಯಾರದೋ ಅಟ್ಟದಲ್ಲಿ ಒಂದು ಕಟ್ಟು, ಇನ್ನಾರದೋ ವಿಧವೆಯ ಪೆಟ್ಟಿಗೆಯಲ್ಲಿ ನಾಲ್ಕು ಹಾಳೆ ಎಂಬಂಥ ಸ್ಥಿತಿ. ಕೊಂಡೂ ಬೇಡಿಯೂ ಸೇರಿಸಿದ್ದು ಅವನ ಮನೆಯಲ್ಲಿ ರಾಶಿಯಾಯಿತು. 1812ರ ಅಕ್ಟೋಬರ್ 24ರಂದು ರಾಜ್ಯ ಶಾಸನಸಭೆಯ ಕಾಯ್ದೆಯ ಮೂಲಕ ಸೊಸೈಟಿ ಸ್ಥಾಪನೆಯಾದಾಗ, ಸುಮಾರು 8,000 ಪುಸ್ತಕಗಳ ತನ್ನ ಗ್ರಂಥಭಂಡಾರವನ್ನೇ ಅದಕ್ಕೆ ಧಾರೆ ಎರೆದ.

ಬಾಸ್ಟನ್ನಿನಲ್ಲಿ 1791ರಿಂದ, ನ್ಯೂಯಾರ್ಕ್‌ನಲ್ಲಿ 1804ರಿಂದ ಇತಿಹಾಸ ಸಂಘಗಳಿದ್ದವು. ಥಾಮಸನ ಸಂಸ್ಥೆ ಮೊದಲಿನಿಂದಲೂ ಒಂದು ರಾಜ್ಯಕ್ಕೆ ಕಟ್ಟುಬೀಳದೆ ಇಡೀ ದೇಶವನ್ನು ತನ್ನ ವ್ಯಾಪ್ತಿಯೆಂದು ಹೇಳಿಕೊಂಡಿತು. ಹಾಗಿದ್ದೂ ಅದನ್ನು ರಾಜಧಾನಿಯಲ್ಲೋ ಬಂದರಿನಲ್ಲೋ ಕಟ್ಟದೆ ವುಸ್ಟರ್‌ನಲ್ಲಿ ಕಟ್ಟಲು ಕಾರಣ ಅವನಿಗೆ ಸ್ಪಷ್ಟವಾಗಿತ್ತು: ದೊಡ್ಡ ಊರುಗಳಿಗೆ ಬೆಂಕಿಯ ಭಯ, ಬಂದರುಗಳಿಗೆ ಶತ್ರುವಿನ ಭಯ. ಸೊಸೈಟಿಯ ಸ್ಥಾಪಕರು ಈ ಮಾತನ್ನು ಬರಹದಲ್ಲೇ ಹೇಳಿದ್ದರು. ವಾಷಿಂಗ್ಟನ್ ಉರಿದಾಗ ಆ ಲೆಕ್ಕಾಚಾರ ಎಷ್ಟು ಸರಿಯಿತ್ತೆಂದು ಗೊತ್ತಾಯಿತು.

ಇನ್ನು ಗ್ರಂಥಾಲಯದ ಒಳಗಿನ ಕೆಲಸ. ಸಾರ್ವಜನಿಕ ಗ್ರಂಥಾಲಯವೊಂದು ಓದುಗರು ಕೇಳುವ ಪುಸ್ತಕಗಳನ್ನು ತರಿಸುತ್ತದೆ, ಮನೆಗೆ ಕೊಡುತ್ತದೆ, ಹಳತಾದರೆ ತೆಗೆದುಹಾಕುತ್ತದೆ. ಸಂಶೋಧನಾ ಗ್ರಂಥಾಲಯದ ನಿಯಮ ಬೇರೆ. ಇಲ್ಲಿಂದ ಏನೂ ಹೊರಗೆ ಹೋಗುವುದಿಲ್ಲ. ಸದ್ಯಕ್ಕೆ ಯಾರೂ ಕೇಳದೇ ಇರುವುದು ಯಾವುದನ್ನೂ ತೆಗೆದುಹಾಕಲು ಕಾರಣವಾಗುವುದಿಲ್ಲ. ಆಂಟಿಕ್ವೇರಿಯನ್ ಸೊಸೈಟಿ ತನಗೊಂದು ಗಡಿ ಹಾಕಿಕೊಂಡಿದೆ: ಅಮೆರಿಕದ ನೆಲದಲ್ಲಿ ಅಚ್ಚು ಕಾಲಿಟ್ಟಂದಿನಿಂದ, ದೇಶಕ್ಕೆ ನೂರು ತುಂಬಿದ 1876ರವರೆಗೆ. ಕೆಲವು ಬಗೆಯ ಸಾಮಗ್ರಿಗೆ ಆ ಗಡಿ ಶತಮಾನದ ಕೊನೆಯವರೆಗೂ ಚಾಚುತ್ತದೆ. ಆ ಗಡಿಯೊಳಗೆ ಅಚ್ಚಾದದ್ದು ಏನೇ ಆಗಲಿ, ಅವರಿಗೆ ಬೇಕು. ಬೀಜದ ಅಂಗಡಿಯ ಬೆಲೆಪಟ್ಟಿ, ಪ್ರಾರ್ಥನಾ ಪುಸ್ತಕ, ಚುನಾವಣೆಯ ಕರಪತ್ರ, ನಾಟಕದ ಪ್ರಕಟಣೆ, ಜೇಬುಗಡಿಯಾರದ ಹಿಂಬದಿಯ ಮುಚ್ಚಳದೊಳಗೆ ಇಡುತ್ತಿದ್ದ ದುಂಡು ಕಾಗದ, ಔಷಧದ ಜಾಹೀರಾತು. ಹದಿವಯಸ್ಸಿನ ಹುಡುಗ ಹುಡುಗಿಯರು ಮನೆಯಲ್ಲೇ ಪುಟ್ಟ ಯಂತ್ರವಿಟ್ಟುಕೊಂಡು ಅಚ್ಚು ಹಾಕುತ್ತಿದ್ದ ಹವ್ಯಾಸಿ ಪತ್ರಿಕೆಗಳು ಕೂಡ.

ಬೆಲೆಬಾಳುವ ಪುಸ್ತಕಗಳು ಇಲ್ಲಿ ಇಲ್ಲವೆಂದಲ್ಲ. ಬ್ರಿಟಿಷ್ ಉತ್ತರ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕ, 1640ರ 'ಬೇ ಸಾಮ್ ಬುಕ್' ಎಂಬ ಕೀರ್ತನೆಗಳ ಪುಸ್ತಕ, ಸುಮಾರು 1,700 ಪ್ರತಿ ಅಚ್ಚಾಗಿತ್ತು. ಈಗ ಉಳಿದಿರುವುದು ಹನ್ನೊಂದು. ಅದರಲ್ಲಿ ಒಂದು ವುಸ್ಟರ್‌ನಲ್ಲಿದೆ. ಬೇರೊಂದು ಪ್ರತಿ 2013ರಲ್ಲಿ ಒಂದು ಕೋಟಿ ನಲವತ್ತೊಂದು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಜನ ಸಾಮಾನ್ಯವಾಗಿ ಮಾತಾಡುವುದು ಇಂಥ ಪುಸ್ತಕಗಳ ಬಗ್ಗೆಯೇ. ಆದರೆ ಕೋಟಿ ಬಾಳುವ ಪುಸ್ತಕವನ್ನು ಯಾರಾದರೂ ಉಳಿಸಿಯೇ ಉಳಿಸುತ್ತಾರೆ. ಬೀಜದ ಬೆಲೆಪಟ್ಟಿಯನ್ನು ಉಳಿಸಲು ಇಂಥ ಹಟಮಾರಿ ಸಂಸ್ಥೆಯೇ ಬೇಕು.

ಆ ಹಟ ಎಂಥದ್ದೆಂದು ತಿಳಿಯಲು 1830ರ ದಶಕದ ಗ್ರಂಥಪಾಲಕ ಕ್ರಿಸ್ಟೋಫರ್ ಕೊಲಂಬಸ್ ಬಾಲ್ಡ್‌ವಿನ್‌ನನ್ನು ನೋಡಬೇಕು. 1834ರ ಬೇಸಿಗೆಯಲ್ಲಿ ಬಾಸ್ಟನ್ನಿನ ಥಾಮಸ್ ವಾಲ್ಕಟ್ ಎಂಬ ಹಿರಿಯ ತಾನು ಜೀವಮಾನವಿಡೀ ಕೂಡಿಟ್ಟಿದ್ದ ಕರಪತ್ರ, ಪತ್ರಿಕೆಗಳನ್ನು ಸೊಸೈಟಿಗೆ ಕೊಡಲು ಒಪ್ಪಿದ. ಅವು ಇದ್ದದ್ದು ಬಂದರಿನ ಬಳಿಯ ಎಣ್ಣೆ ಮಳಿಗೆಯೊಂದರ ಅಟ್ಟದಲ್ಲಿ, ಬಿಸಿಲಿಗೆ ಕಾದ ಮಾಡಿನ ಕೆಳಗೆ, ಧೂಳಿನ ರಾಶಿಯಾಗಿ. ಬಾಲ್ಡ್‌ವಿನ್ ದಿನಗಟ್ಟಲೆ ಅಲ್ಲೇ ಕುಳಿತು, ಬೆವರಿನಲ್ಲಿ ತೊಯ್ದು, ಒಂದೊಂದೇ ಬಿಡಿಸಿ ಕಟ್ಟಿದ. ವುಸ್ಟರ್‌ಗೆ ಸಾಗಿದ ಸರಕಿನ ತೂಕ ಎರಡು ಟನ್ ಆಸುಪಾಸು. ಆ ಕೆಲಸವನ್ನು ಅವನು ದಿನಚರಿಯಲ್ಲಿ ಬರೆದಿರುವ ರೀತಿಯಲ್ಲಿ ದಣಿವಿಗಿಂತ ಸಂತೋಷವೇ ಹೆಚ್ಚು ಕಾಣುತ್ತದೆ. ಮರುವರ್ಷ ಒಹಾಯೊ ರಾಜ್ಯದಲ್ಲಿ ಮೂಲನಿವಾಸಿಗಳು ಕಟ್ಟಿದ ಪ್ರಾಚೀನ ಮಣ್ಣಿನ ದಿಬ್ಬಗಳನ್ನು ನೋಡಲು ಹೊರಟಿದ್ದಾಗ ಕುದುರೆಗಾಡಿ ಮಗುಚಿ ಅವನು ತೀರಿಕೊಂಡ. ವಯಸ್ಸು ಮೂವತ್ತೈದು.

ಎಲ್ಲವನ್ನೂ ಕೂಡಿಡಬೇಕೆಂದರೆ, ಆ 'ಎಲ್ಲ' ಎಂಬುದು ಎಷ್ಟೆಂದು ಮೊದಲು ಗೊತ್ತಿರಬೇಕಲ್ಲವೇ? ಇದು ಹೊರಗಿನವರಿಗೆ ಕಾಣದ, ಈ ಕ್ಷೇತ್ರದ ಬೆನ್ನುಮೂಳೆಯಂಥ ಕೆಲಸ. ಹದಿನೇಳು, ಹದಿನೆಂಟನೇ ಶತಮಾನದ ಮುದ್ರಕರು ಲೆಕ್ಕ ಇಟ್ಟು ಹೋಗಿಲ್ಲ. ಹೀಗಾಗಿ ಏನೇನು ಅಚ್ಚಾಗಿತ್ತು ಎಂಬ ಪಟ್ಟಿಯನ್ನೇ ಮೊದಲು ಕಟ್ಟಬೇಕಾಯಿತು. ಚಾರ್ಲ್ಸ್ ಇವಾನ್ಸ್ ಎಂಬ ಗ್ರಂಥಪಾಲಕ 1903ರಲ್ಲಿ ಈ ಪಟ್ಟಿಯ ಮೊದಲ ಸಂಪುಟ ತಂದ. 1935ರಲ್ಲಿ ಸಾಯುವ ಹೊತ್ತಿಗೆ ಹನ್ನೆರಡು ಸಂಪುಟ ಮುಗಿಸಿ 1799ಕ್ಕೆ ಬಂದು ನಿಂತಿದ್ದ. ಮುಂದೆ ಆಂಟಿಕ್ವೇರಿಯನ್ ಸೊಸೈಟಿಯ ಕ್ಲಿಫರ್ಡ್ ಶಿಪ್ಟನ್ ಹದಿಮೂರನೆಯದನ್ನು ಬರೆದು 1955ರಲ್ಲಿ ಪ್ರಕಟಿಸಿ, ಪಟ್ಟಿಯನ್ನು 1800ಕ್ಕೆ ಮುಟ್ಟಿಸಿದ. ಒಟ್ಟು ನಮೂದುಗಳು 39,162.

ಈ ನಮೂದುಗಳಲ್ಲಿ ಅನೇಕವು ಸುಳ್ಳು ನಮೂದುಗಳು. ಇವಾನ್ಸ್ ಎಲ್ಲ ಪುಸ್ತಕಗಳನ್ನೂ ಕಣ್ಣಾರೆ ಕಂಡಿರಲಿಲ್ಲ, ಕಾಣಲು ಸಾಧ್ಯವೂ ಇರಲಿಲ್ಲ. ಹಳೆಯ ಪತ್ರಿಕೆಯಲ್ಲಿ 'ಸದ್ಯದಲ್ಲೇ ಪ್ರಕಟವಾಗಲಿದೆ' ಎಂಬ ಜಾಹೀರಾತು ಕಂಡರೆ ಅದನ್ನೂ ಪಟ್ಟಿಗೆ ಸೇರಿಸಿದ. ಮುದ್ರಕನ ದುಡ್ಡು ಮುಗಿದು ಆ ಪುಸ್ತಕ ಹೊರಬರದೇ ಹೋಗಿರಬಹುದು. ಲಂಡನ್ನಿನಲ್ಲಿ ಅಚ್ಚಾದದ್ದನ್ನು ಬಾಸ್ಟನ್ನಿನ ವ್ಯಾಪಾರಿ ತನ್ನ ಅಂಗಡಿಯ ಹೆಸರಿನಲ್ಲಿ ಮಾರಿರಬಹುದು. ಇಂಥ ಎಂದೂ ಹುಟ್ಟದ ಪುಸ್ತಕಗಳನ್ನು ಪಟ್ಟಿ ಮಾಡುವವರು 'ಭೂತ' ಎನ್ನುತ್ತಾರೆ. ಭೂತಗಳನ್ನು ಓಡಿಸುವುದು, ಇವಾನ್ಸ್ ಕಾಣದೆ ಬಿಟ್ಟ ಸಾವಿರಾರು ನಿಜವಾದ ಹಾಳೆಗಳನ್ನು ಸೇರಿಸುವುದು, ಈ ಎರಡೂ ಕೆಲಸ ದಶಕಗಳಿಂದ ನಡೆದಿದೆ. ಶಿಪ್ಟನ್ ಕಾಲದಲ್ಲೇ ಪಟ್ಟಿಯಲ್ಲಿದ್ದ ಪುಸ್ತಕಗಳನ್ನು ಪುಟಗಳನ್ನು ತೀರ ಚಿಕ್ಕದಾಗಿಸಿದ ಸೂಕ್ಷ್ಮ ಅಚ್ಚಿನ ಹಾಳೆಗಳಿಗೆ ಇಳಿಸಿ ದೂರದ ವಿಶ್ವವಿದ್ಯಾಲಯಗಳಿಗೆ ತಲುಪಿಸಲಾಯಿತು. ಈಗ ಅವೇ ಡಿಜಿಟಲ್ ರೂಪದಲ್ಲಿವೆ.

ಡಿಜಿಟಲ್ ಚಿತ್ರ ಇರುವಾಗ ಮೂಲ ಪ್ರತಿ ಏಕೆ, ಅದೂ ಒಂದೇ ಪುಸ್ತಕದ ಎರಡು ಮೂರು ಪ್ರತಿ ಏಕೆ? ಉತ್ತರ ಇರುವುದು ಕೈಯಚ್ಚಿನ ರೀತಿಯಲ್ಲಿ. ಆಗಿನ ಮರದ ಯಂತ್ರದಲ್ಲಿ ಒಬ್ಬ ಮೊಳೆಗಳಿಗೆ ಶಾಯಿ ಬಡಿಯುತ್ತಿದ್ದ, ಇನ್ನೊಬ್ಬ ಒದ್ದೆ ಮಾಡಿದ ಕಾಗದ ಇಟ್ಟು ಹಿಡಿ ಎಳೆಯುತ್ತಿದ್ದ. ನುರಿತ ಜೋಡಿಗೆ ಗಂಟೆಗೆ ಹೆಚ್ಚೆಂದರೆ 250 ಹಾಳೆ, ಅದೂ ಒಂದು ಮಗ್ಗುಲು. ನಡುವೆ ತಪ್ಪು ಕಣ್ಣಿಗೆ ಬಿದ್ದರೆ ಯಂತ್ರ ನಿಲ್ಲಿಸಿ ಮೊಳೆ ತಿದ್ದಿ ಮುಂದುವರಿಸುತ್ತಿದ್ದರು. ಅಲ್ಲಿಯವರೆಗೆ ಅಚ್ಚಾದ ಹಾಳೆಗಳನ್ನು ಬಿಸಾಡುತ್ತಿರಲಿಲ್ಲ, ಕಾಗದ ಅಷ್ಟು ದುಬಾರಿ. ಹೀಗಾಗಿ ಒಂದೇ ದಿನ ಒಂದೇ ಅಚ್ಚುಕೂಟದಿಂದ ಬಂದ ಎರಡು ಪ್ರತಿಗಳಲ್ಲಿ ಪಾಠ ಬೇರೆ ಇರಬಹುದು. ಅಚ್ಚಾದ ಮೇಲೆ ಪ್ರತಿಯೊಂದಕ್ಕೂ ಅದರದೇ ಬದುಕು. ಆಗ ಮನೆಮನೆಯಲ್ಲಿದ್ದ ಪಂಚಾಂಗಗಳಲ್ಲಿ ರೈತರು ಖಾಲಿ ಹಾಳೆ ಸೇರಿಸಿ ಹೊಲಿದುಕೊಂಡು ದಿನಚರಿ ಬರೆಯುತ್ತಿದ್ದರು: ಇಂದು ಹಸು ಕರು ಹಾಕಿತು, ಇಂಥವರು ಸತ್ತರು, ಇಷ್ಟು ಹಿಮ ಬಿತ್ತು. ಪಂಚಾಂಗದ ಅಚ್ಚು ಎಲ್ಲ ಪ್ರತಿಗಳಲ್ಲೂ ಒಂದೇ, ಈ ಬರಹ ಜಗತ್ತಿನಲ್ಲಿ ಒಂದೇ ಪ್ರತಿಯಲ್ಲಿ. ಪುಸ್ತಕವನ್ನು ಯಾರು ಅಚ್ಚು ಹಾಕಿದರು, ಯಾರು ಮಾರಿದರು, ಯಾರು ಓದಿದರು, ಓದಿ ಏನು ಮಾಡಿದರು ಎಂದು ಕೇಳುವ ಅಧ್ಯಯನಕ್ಕೆ ಮುದ್ರಣ ಸಂಸ್ಕೃತಿಯ ಅಧ್ಯಯನ ಎನ್ನುತ್ತಾರೆ. ಸೊಸೈಟಿ 1983ರಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆಯಿತು. ಅದರ ಫಲವಾಗಿ ಅಮೆರಿಕದ ಪುಸ್ತಕದ ಐದು ಸಂಪುಟಗಳ ಇತಿಹಾಸವೂ ಬಂದಿದೆ.

ಸಂಗ್ರಹದ ಮುಕುಟ ಎಂದರೆ ಪತ್ರಿಕೆಗಳು, ಸುಮಾರು ಇಪ್ಪತ್ತು ಲಕ್ಷ ಸಂಚಿಕೆಗಳು. ಇಲ್ಲಿನ ಗ್ರಂಥಪಾಲಕ ಕ್ಲಾರೆನ್ಸ್ ಬ್ರಿಗ್‌ಹ್ಯಾಮ್ 1690ರಿಂದ 1820ರವರೆಗೆ ಹೊರಟ 2,120 ಪತ್ರಿಕೆಗಳನ್ನು ಪಟ್ಟಿ ಮಾಡಿ 1947ರಲ್ಲಿ ಪ್ರಕಟಿಸಿದ. ಅರ್ಧಕ್ಕೂ ಹೆಚ್ಚು ಪತ್ರಿಕೆಗಳು ಎರಡು ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚಿದ್ದವು. 1792ರ ಅಂಚೆ ಕಾಯ್ದೆ ಪತ್ರಿಕೆಗಳ ಅಂಚೆ ದರವನ್ನು ತೀರ ಕಡಿಮೆ ಮಾಡಿತು, ಸಂಪಾದಕರು ಪರಸ್ಪರ ಕಳಿಸಿಕೊಳ್ಳುವ ಪ್ರತಿಗಳಿಗೆ ಅಂಚೆಯನ್ನು ಉಚಿತ ಮಾಡಿತು. ಒಂದು ಊರಿನ ಸುದ್ದಿಯನ್ನು ಇನ್ನೊಂದು ಊರಿನ ಸಂಪಾದಕ ಇದ್ದದ್ದಿದ್ದ ಹಾಗೆ ಎತ್ತಿ ಹಾಕಿಕೊಳ್ಳುತ್ತಿದ್ದ, ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಒಂದು ಸುದ್ದಿ ಎಲ್ಲಿ ಹುಟ್ಟಿ, ಯಾವ ದಾರಿಯಲ್ಲಿ, ಎಷ್ಟು ದಿನದಲ್ಲಿ ಎಲ್ಲಿಗೆ ಮುಟ್ಟಿತು ಎಂದು ಸಂಚಿಕೆಗಳನ್ನು ಅಕ್ಕಪಕ್ಕ ಇಟ್ಟು ಇಂದು ಪತ್ತೆ ಮಾಡಬಹುದು.

1775ರ ಪತ್ರಿಕೆಯ ಹಾಳೆ ಇಂದಿಗೂ ಬೆರಳಿಗೆ ಮೆತ್ತಗೆ ಬಾಗುತ್ತದೆ. 1890ರ ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ. ಹಳೆಯ ಕಾಗದ ಚಿಂದಿ ಬಟ್ಟೆಯಿಂದ ಆದದ್ದು. ಹಳೆಯ ನಾರುಬಟ್ಟೆ, ಹತ್ತಿಬಟ್ಟೆಯನ್ನು ಕೊಳೆಸಿ ಅರೆದು ಮಾಡಿದ ಉದ್ದನೆಯ ಎಳೆ. ಚಿಂದಿಗೆ ಯಾವಾಗಲೂ ಬರ. ಮನೆಯ ಹೆಂಗಸರು ಚಿಂದಿ ಕೂಡಿಟ್ಟು ಕೊಡಬೇಕೆಂದು ಪತ್ರಿಕೆಗಳೇ ಬೇಡಿಕೊಳ್ಳುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿ ಉಳಿದ ಮರದ ಅಂಶವೂ ಗಟ್ಟಿ ಮಾಡಲು ಹಾಕಿದ ಪಟಿಕವೂ ಆಮ್ಲವಾಗಿ ತಿರುಗಿ ಕಾಗದವನ್ನು ಒಳಗಿನಿಂದಲೇ ತಿನ್ನುತ್ತವೆ. ಇಪ್ಪತ್ತನೇ ಶತಮಾನದಲ್ಲಿ ಪುಟಗಳ ಪುಟ್ಟ ಚಿತ್ರಗಳನ್ನು ಫಿಲ್ಮ್ ಸುರುಳಿಯಲ್ಲಿ ಹಿಡಿದಿಡುವ ಮೈಕ್ರೋಫಿಲ್ಮ್ ಬಂದಾಗ ಅನೇಕ ಗ್ರಂಥಾಲಯಗಳು, ಹೇಗೂ ಹಾಳಾಗುವ ಕಾಗದ ಎಂದು, ಪತ್ರಿಕೆಗಳ ಮೂಲ ಸಂಚಿಕೆಗಳನ್ನೇ ಕೈಬಿಟ್ಟವು. ಆ ಆತುರಕ್ಕೆ ಕ್ಷಮೆ ಇಲ್ಲ. ವುಸ್ಟರ್ ತನ್ನ ಮೂಲ ಸಂಚಿಕೆಗಳನ್ನು ಬಿಟ್ಟುಕೊಡಲಿಲ್ಲ.

ಇಷ್ಟು ದೊಡ್ಡ ಸಂಗ್ರಹದಲ್ಲಿ ಯಾರ ದನಿ ಇದೆ ಎಂಬುದನ್ನೂ ಕೇಳಬೇಕು. ಅಚ್ಚುಮೊಳೆ ಇದ್ದವರ ದನಿಯೇ ಜೋರು. ಗುಲಾಮಗಿರಿಯಲ್ಲಿದ್ದ ಆಫ್ರಿಕನ್ನರು ಈ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಿಸುವುದು 'ಓಡಿಹೋಗಿದ್ದಾನೆ, ಹಿಡಿದುಕೊಟ್ಟವರಿಗೆ ಬಹುಮಾನ' ಎಂಬ ಒಡೆಯರ ಜಾಹೀರಾತುಗಳಲ್ಲಿ. ಆದರೆ ಅದೇ ಜಾಹೀರಾತಿನಲ್ಲಿ, ಓಡಿಹೋದವನಿಗೆ ಪಿಟೀಲು ನುಡಿಸಲು ಬರುತ್ತದೆ, ಎರಡು ಭಾಷೆ ಬರುತ್ತದೆ, ಇಂಥ ಅಂಗಿ ತೊಟ್ಟಿದ್ದ ಎಂಬಂಥ ವಿವರ ಸಿಗುತ್ತದೆ. ಹಿಡಿಯಲೆಂದು ಬರೆದ ಮಾತುಗಳಿಂದಲೇ ಇತಿಹಾಸಕಾರರು ಒಬ್ಬ ಮನುಷ್ಯನನ್ನು ಮತ್ತೆ ಕಟ್ಟುತ್ತಿದ್ದಾರೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಹಳೆಯದು. 1663ರಲ್ಲಿ ಹಾರ್ವರ್ಡ್ ಕಾಲೇಜಿನ ಊರಾದ ಕೇಂಬ್ರಿಜ್‌ನಲ್ಲಿ ಇಡೀ ಬೈಬಲ್ ಅಚ್ಚಾಯಿತು. ಅಮೆರಿಕ ಖಂಡಗಳಲ್ಲಿ ಪೂರ್ತಿಯಾಗಿ ಅಚ್ಚಾದ ಮೊದಲ ಬೈಬಲ್ ಅದು. ಇದ್ದದ್ದು ಇಂಗ್ಲಿಷಿನಲ್ಲಲ್ಲ, ಅಲ್ಲಿನ ಮೂಲನಿವಾಸಿಗಳ ವಾಂಪನೋಗ್ ಭಾಷೆಯಲ್ಲಿ. ಅನುವಾದಕನೆಂದು ಪಾದ್ರಿ ಜಾನ್ ಎಲಿಯಟ್‌ನ ಹೆಸರಿದೆ. ಅಚ್ಚುಕೂಟದಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬ ನಿಪ್‌ಮಕ್ ಬುಡಕಟ್ಟಿನ ವೊವಾಸ್. ಕಸುಬೇ ಹೆಸರಾಗಿ ಅವನನ್ನು ಜೇಮ್ಸ್ ಪ್ರಿಂಟರ್ ಎಂದು ಕರೆದರು. ಅವನ ಹಳ್ಳಿ ಹಸನಮೆಸಿಟ್ ಇಂದಿನ ವುಸ್ಟರ್‌ನ ಪಕ್ಕದಲ್ಲೇ ಇತ್ತು. 1675ರಲ್ಲಿ ಮೂಲನಿವಾಸಿಗಳಿಗೂ ವಲಸಿಗರಿಗೂ ಭೀಕರ ಯುದ್ಧ ಶುರುವಾದಾಗ ಜೇಮ್ಸ್ ತನ್ನವರ ಕಡೆ ಇದ್ದ. ಮರುವರ್ಷ ಕ್ಷಮಾದಾನದ ಘೋಷಣೆಯಾದ ಮೇಲೆ ಹಿಂದಿರುಗಿದ. ಮೊದಲ ಆವೃತ್ತಿಯ ಬಹಳಷ್ಟು ಪ್ರತಿಗಳು ಯುದ್ಧದಲ್ಲಿ ನಾಶವಾಗಿದ್ದವು. 1685ರ ಎರಡನೇ ಆವೃತ್ತಿಗೆ ಮತ್ತೆ ಅವನೇ ಬೇಕಾಯಿತು. ಅರ್ಥ ತಿಳಿದು ಮೊಳೆ ಜೋಡಿಸಿ ಕರಡು ತಿದ್ದಬಲ್ಲವನು ಅವನೊಬ್ಬನೇ ಎಂದು ಎಲಿಯಟ್ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ.

ಕಾಲಕ್ರಮದಲ್ಲಿ ಆ ಭಾಷೆ ಮಾತಾಡುವವರೇ ಇಲ್ಲವಾದರು. ನೂರಕ್ಕೂ ಹೆಚ್ಚು ವರ್ಷ ಅದು ಯಾರ ಬಾಯಲ್ಲೂ ಇರಲಿಲ್ಲ. 1990ರ ದಶಕದಲ್ಲಿ ವಾಂಪನೋಗ್ ಸಮುದಾಯದ ಜೆಸ್ಸಿ ಲಿಟಲ್ ಡೋ ಬೇರ್ಡ್ ಭಾಷಾವಿಜ್ಞಾನಿಗಳ ಜೊತೆ ಸೇರಿ ಅದನ್ನು ಮರಳಿ ಕಟ್ಟಲು ಹೊರಟರು. ಅವರಿಗೆ ಆಧಾರವಾದದ್ದು ಮೂಲನಿವಾಸಿಗಳೇ ಬರೆದಿಟ್ಟ ಜಮೀನು ಪತ್ರಗಳು, ಮತ್ತು ಈ ಬೈಬಲ್. ಮತಾಂತರಕ್ಕೆಂದು ಅಚ್ಚು ಹಾಕಿದ ಪುಸ್ತಕದಿಂದ ಆ ಸಮುದಾಯ ತನ್ನ ಕ್ರಿಯಾಪದಗಳನ್ನು ಹಿಂದಕ್ಕೆ ಪಡೆಯಿತು. ಅಚ್ಚು ಹಾಕಿದವರ ಉದ್ದೇಶ ಮತ್ತು ಮುನ್ನೂರು ವರ್ಷದ ನಂತರದ ಓದುಗರ ಅಗತ್ಯ ಇಷ್ಟು ದೂರ ಇರಬಹುದೆಂದ ಮೇಲೆ, ಯಾವುದನ್ನು ಉಳಿಸಬೇಕು ಎಂಬ ತೀರ್ಮಾನವನ್ನು ಇಂದಿನ ಅಭಿರುಚಿಗೆ ಬಿಡದಿರುವುದೇ ಲೇಸು.

ವುಸ್ಟರ್‌ನ ಈಗಿನ ಕಟ್ಟಡ 1910ರದು, ಗುಮ್ಮಟದ ಕೆಳಗೆ ಓದುವ ಕೋಣೆ. ಸಂಶೋಧನೆ ಮಾಡುವವರು ಹೆಸರು ನೋಂದಾಯಿಸಿಕೊಂಡು ಶುಲ್ಕವಿಲ್ಲದೆ ಓದಬಹುದು. ಕಪಾಟುಗಳ ನಡುವೆ ಸುತ್ತಾಡಲು ಬಿಡುವುದಿಲ್ಲ. ಬೇಕಾದದ್ದನ್ನು ಬರೆದುಕೊಟ್ಟರೆ ಸಿಬ್ಬಂದಿ ಮೇಜಿಗೆ ತಂದುಕೊಡುತ್ತಾರೆ. ಪೆನ್ನು ಒಳಗೆ ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಥಾಮಸ್ ಬಾಲ್ಯದಲ್ಲಿ ಕಸುಬು ಕಲಿತ ಮರದ ಯಂತ್ರವನ್ನೂ ಇಲ್ಲೇ ಉಳಿಸಿಕೊಂಡಿದ್ದಾರೆ. ಸಂಗ್ರಹದ ಬಹಳಷ್ಟು ಚಿತ್ರಗಳನ್ನು, ಗ್ರಂಥಸೂಚಿಯನ್ನು ಸೊಸೈಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಪತ್ರಿಕೆಗಳ ಮತ್ತು ಆರಂಭಿಕ ಪುಸ್ತಕಗಳ ದೊಡ್ಡ ಡಿಜಿಟಲ್ ಭಂಡಾರಗಳು ಮಾತ್ರ ಖಾಸಗಿ ಕಂಪನಿಯ ಮೂಲಕ, ಚಂದಾ ಕಟ್ಟುವ ವಿಶ್ವವಿದ್ಯಾಲಯಗಳಿಗೆ ಸಿಗುತ್ತವೆ. ಸ್ಕ್ಯಾನ್ ಮಾಡಲು ದುಡ್ಡು ಬೇಕೆಂಬುದು ನಿಜ. ಹಾಗಿದ್ದರೂ ಬೀದಿಯಲ್ಲಿ ಕಾಸಿಗೆ ಮಾರಾಟವಾಗಲೆಂದು ಹುಟ್ಟಿದ ಹಾಳೆಗಳನ್ನು ಓದಲು ಚಂದಾ ಕಟ್ಟಬೇಕಾಗಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಸಂಗ್ರಹ ಇನ್ನೂ ಬೆಳೆಯುತ್ತಿದೆ. ಹರಾಜುಗಳಿಂದ, ಹಳೆಪುಸ್ತಕದ ವ್ಯಾಪಾರಿಗಳಿಂದ, ಮನೆ ಖಾಲಿ ಮಾಡುವವರಿಂದ ಯಾವ ಪಟ್ಟಿಯಲ್ಲೂ ಇಲ್ಲದ ಹಾಳೆಗಳು ಈಗಲೂ ಬಂದು ಸೇರುತ್ತವೆ. ಬಾರದಿರುವವೂ ಇವೆ. 1690ರಲ್ಲಿ ಬೆಂಜಮಿನ್ ಹ್ಯಾರಿಸ್ ಬಾಸ್ಟನ್ನಿನಲ್ಲಿ ಹೊರಡಿಸಿದ, ಅಮೆರಿಕದ ಬ್ರಿಟಿಷ್ ವಸಾಹತುಗಳ ಮೊದಲ ಬಹುಪುಟ ಪತ್ರಿಕೆ ಒಂದೇ ಸಂಚಿಕೆಗೆ ನಿಂತುಹೋಯಿತು. ಪರವಾನಗಿ ಇಲ್ಲವೆಂದು ಆಡಳಿತ ಅದನ್ನು ಅಡಗಿಸಿತು. ಅದರ ಉಳಿದಿರುವ ಒಂದೇ ಪ್ರತಿ ಇರುವುದು ಅಮೆರಿಕದಲ್ಲಲ್ಲ, ಲಂಡನ್ನಿನ ಸರಕಾರಿ ದಾಖಲೆಗಳ ಭಂಡಾರದಲ್ಲಿ.